ಮಗುಚಿದ ಹಡಗು



ಬಾವಿಗೆ ಜಾರಿಬಿದ್ದ ಕೊಡವನ್ನು ಪಾತಾಳಗರಡಿಯಿಂದ ಎತ್ತುವ ಕಸುಬು ನಲ್ಲಿಯ ನೀರು ಬಂದ ಪಟ್ಟಣಗಳಲ್ಲಿ ಅಪರೂಪವಾಗಿದೆ. ಆದರೂ ಅದರ ಬಗೆಯನ್ನು ಕೇಳಿಯಾದರೂ ಅರಿಯದವರು ನಮ್ಮಲ್ಲಿ ಕಡಮೆ. ಹಗ್ಗದ ತುದಿಯ ಕೊಕ್ಕೆಗಳು ಬಾವಿಯ ತಳವನ್ನು ತಡವುತ್ತವೆ. ಕೊಡದ ಕಂಠ ಸಿಕ್ಕಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣದು, ಕೈಗೇ ತಿಳಿಯಬೇಕು. ಅಲ್ಲಿರುವ ಪ್ರಶ್ನೆ ಒಂದೇ: ಕೊಡ ಬಂದೀತೇ, ಬಾರದೇ? ಸಮುದ್ರದಲ್ಲಿ ಮಗುಚಿಬಿದ್ದ ಸರಕಿನ ಹಡಗನ್ನು ಎತ್ತಹೊರಟವರ ಮುಂದೆ ಇದಕ್ಕಿಂತ ಕಠಿನವಾದ ಪ್ರಶ್ನೆಯಿರುತ್ತದೆ. ಹಡಗಿನೊಳಗೆ ಜನರಿದ್ದಾರೆ, ತೈಲವಿದೆ, ಸರಕಿದೆ. ಹಡಗೇ ಬಹು ಬೆಲೆಯುಳ್ಳ ವಸ್ತು. ಅದರ ಸುತ್ತ ಕಡಲೂ ಕರಾವಳಿಯೂ ಇವೆ. ಎಲ್ಲವನ್ನೂ ಉಳಿಸುವುದು ಸಾಧ್ಯವಾಗದಿದ್ದಾಗ ಯಾವುದನ್ನು ಮೊದಲು ಉಳಿಸಬೇಕು, ಯಾವುದನ್ನು ಕೈಬಿಡಬೇಕು? ಈ ಸಂಜೆ ಒಂದು ಹಡಗಿನ ವೃತ್ತಾಂತವನ್ನು ಹೇಳಿ, ಈ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಆ ಹಡಗಿನ ಹೆಸರು ಗೋಲ್ಡನ್ ರೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಂಗಿರಣ. ಅದನ್ನು 2017ರಲ್ಲಿ ದಕ್ಷಿಣ ಕೊರಿಯದಲ್ಲಿ ಕಟ್ಟಿದರು. ಅದರ ಉದ್ದ 656 ಅಡಿ. ಮೋಟಾರು ವಾಹನಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸುವುದೇ ಅದರ ಉದ್ಯೋಗ. ಇಂತಹ ಹಡಗು ನೋಡುವುದಕ್ಕೆ ತೇಲುವ ಉಗ್ರಾಣದಂತೆ ಇರುತ್ತದೆ: ಎತ್ತರವಾದ ಗೋಡೆಗಳು, ಒಳಗೆ ಒಂದರ ಮೇಲೊಂದಾಗಿ ಅನೇಕ ಅಂತಸ್ತುಗಳು, ಪ್ರತಿಯೊಂದು ಅಂತಸ್ತಿನಲ್ಲೂ ಸಾಲುಸಾಲಾಗಿ ಬಿಗಿದು ಕಟ್ಟಿದ ಗಾಡಿಗಳು. 2019ನೆಯ ಇಸವಿ ಸೆಪ್ಟೆಂಬರ್ 8ರಂದು, ನಡುರಾತ್ರಿ ಕಳೆದ ಮೇಲೆ, ಗೋಲ್ಡನ್ ರೇ 4,161 ವಾಹನಗಳನ್ನು ಹೊತ್ತು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಜಾರ್ಜಿಯಾದ ಬ್ರನ್ಸ್‌ವಿಕ್ ರೇವಿನಿಂದ ಬಾಲ್ಟಿಮೋರಿಗೆ ಹೊರಟಿತು. ಅದರಲ್ಲಿ 23 ಮಂದಿ ಸಿಬ್ಬಂದಿಯವರೂ, ರೇವಿನ ಒಳದಾರಿಯನ್ನು ಬಲ್ಲ ಒಬ್ಬ ಪೈಲಟ್ಟೂ ಇದ್ದರು. ಸೇಂಟ್ ಸೈಮನ್ಸ್ ಮತ್ತು ಜೆಕಿಲ್ ಎಂಬ ಎರಡು ದ್ವೀಪಗಳ ನಡುವಣ ಖಾರಿಯಲ್ಲಿ ಹಡಗು ಬಲಕ್ಕೆ ತಿರುಗಬೇಕಾಗಿತ್ತು. ತಿರುಗಿತು, ತಿರುಗುತ್ತಿರುವಾಗಲೇ ಎಡಕ್ಕೆ ವಾಲಿತು. ವಾಲಿದ್ದು ನೆಟ್ಟಗಾಗಲಿಲ್ಲ. ಒಂದು ನಿಮಿಷ ತುಂಬುವುದರೊಳಗೆ 60 ಡಿಗ್ರಿಯಷ್ಟು ಒರಗಿ, ಕೊನೆಗೆ ಹಡಗುದಾರಿಯ ಅಂಚಿನ ಮರಳಿನ ಮೇಲೆ ಎಡಮಗ್ಗುಲಾಗಿ ಮಲಗಿಬಿಟ್ಟಿತು. ಬಿರುಗಾಳಿ ಬೀಸಿರಲಿಲ್ಲ, ಬಂಡೆ ತಾಗಿರಲಿಲ್ಲ, ಮತ್ತೊಂದು ಹಡಗು ಬಂದು ಹೊಡೆದಿರಲಿಲ್ಲ.

ಹಾಗಾದರೆ ಅದು ಮಗುಚಿದ್ದೇಕೆ? ಹಡಗಿನ ತೂಕವೆಲ್ಲವೂ ಒಂದು ಬಿಂದುವಿನಲ್ಲಿ ನಿಂತು ಕೆಳಕ್ಕೆ ಎಳೆಯುತ್ತದೆಂದು ಭಾವಿಸೋಣ, ಇದು ಗುರುತ್ವಕೇಂದ್ರ. ನೀರು ಮತ್ತೊಂದು ಬಿಂದುವಿನ ಮೂಲಕ ಹಡಗನ್ನು ಮೇಲಕ್ಕೆ ಒತ್ತುತ್ತದೆ. ಹಡಗು ಒಂದು ಮಗ್ಗುಲಿಗೆ ವಾಲಿದಾಗ ನೀರಿನಲ್ಲಿ ಮುಳುಗಿದ ಭಾಗದ ಆಕಾರ ಬದಲಾಗಿ, ಈ ಎರಡನೆಯ ಬಿಂದು ವಾಲಿದ ಕಡೆಗೇ ಸರಿಯುತ್ತದೆ. ಅಲ್ಲಿಂದ ಒತ್ತಿ ಹಡಗನ್ನು ಮರಳಿ ನೆಟ್ಟಗೆ ನಿಲ್ಲಿಸುತ್ತದೆ. ಗುರುತ್ವಕೇಂದ್ರ ಕೆಳಗಿದ್ದಷ್ಟೂ ಈ ನಿಲ್ಲಿಸುವ ಬಲ ಹೆಚ್ಚು. ಮೇಲಕ್ಕೆ ಏರಿದಷ್ಟೂ ಕಡಮೆ. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿ ನೇರವಾದ ರಸ್ತೆಯಲ್ಲಿ ಸುಖವಾಗಿ ಸಾಗಿ, ತಿರುವಿನಲ್ಲಿ ಹೊರಮಗ್ಗುಲಿಗೆ ಉರುಳುವುದನ್ನು ನಾವು ನೋಡಿಲ್ಲವೇ? ಹಡಗಿನ ವಿಷಯದಲ್ಲಿ ಈ ಅಪಾಯಕ್ಕೆ ಪರಿಹಾರವುಂಟು. ಅದರ ತಳದ ತೊಟ್ಟಿಗಳಲ್ಲಿ ಸಮುದ್ರದ ನೀರನ್ನೇ ತುಂಬಿ ಕೆಳಭಾರವನ್ನು ಹೆಚ್ಚಿಸುತ್ತಾರೆ. ಮೇಲೆ ಎಷ್ಟು ಸರಕು, ಕೆಳಗೆ ಎಷ್ಟು ನೀರು ಎಂಬ ಲೆಕ್ಕವನ್ನು ರೇವು ಬಿಡುವ ಮುಂಚೆ ಹಾಕಬೇಕು.

ಗೋಲ್ಡನ್ ರೇ ಹಡಗಿನಲ್ಲಿ ಈ ಲೆಕ್ಕ ತಪ್ಪಿತ್ತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯವರು ವಿಚಾರಣೆ ನಡೆಸಿ 2021ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಹಡಗಿನ ಮುಖ್ಯಾಧಿಕಾರಿಯು ತೊಟ್ಟಿಗಳ ನೀರಿನ ಪ್ರಮಾಣವನ್ನು ಗಣಕಯಂತ್ರಕ್ಕೆ ತಪ್ಪಾಗಿ ಕೊಟ್ಟಿದ್ದನು. ಯಂತ್ರವು ಆ ತಪ್ಪಾದ ಅಂಕಿಗಳಿಂದ ಹಡಗು ಸುಸ್ಥಿತಿಯಲ್ಲಿದೆಯೆಂಬ ಉತ್ತರವನ್ನು ಕೊಟ್ಟಿತು. ಮಂಡಲಿಯವರು ಇಷ್ಟಕ್ಕೇ ನಿಲ್ಲಲಿಲ್ಲ. ಒಬ್ಬನು ಹಾಕಿದ ಲೆಕ್ಕವನ್ನು ಇನ್ನೊಬ್ಬನು ಪರೀಕ್ಷಿಸುವ ಸಮರ್ಪಕವಾದ ಏರ್ಪಾಡು ಹಡಗನ್ನು ನಡೆಸುವವರಲ್ಲಿ ಇರಲಿಲ್ಲವೆಂಬುದನ್ನೂ ಎತ್ತಿ ತೋರಿಸಿದರು. ಎಣಿಸುವವನು ಮನುಷ್ಯ, ಅವನು ತಪ್ಪುವುದು ಸಹಜ. ಆ ತಪ್ಪನ್ನು ಹಿಡಿಯುವ ಎರಡನೆಯ ಕಣ್ಣು ಇಲ್ಲದಿದ್ದುದೇ ಹೆಚ್ಚಿನ ದೋಷ. ಇದರ ಜತೆಗೆ, ಮುಚ್ಚಿರಬೇಕಾಗಿದ್ದ ಬಾಗಿಲುಗಳು ತೆರೆದೇ ಇದ್ದುದರಿಂದ ಹಡಗು ಒರಗಿದೊಡನೆ ನೀರು ಒಳನುಗ್ಗಿ, ಯಂತ್ರಾಗಾರದಿಂದ ಹೊರಬರುವ ದಾರಿಯನ್ನು ಅಡ್ಡಗಟ್ಟಿತು.

ಈಗ ಎತ್ತುವ ಕೆಲಸಕ್ಕೆ ಬರೋಣ. ಮೊದಲನೆಯದು ಪ್ರಾಣ. ಪೈಲಟ್ಟನ್ನೂ 19 ಮಂದಿ ಸಿಬ್ಬಂದಿಯವರನ್ನೂ ಮೊದಲು ರಕ್ಷಿಸಿದರು. ಯಂತ್ರಾಗಾರದ ಕಡೆಯ ನಾಲ್ವರು ಒಳಗೇ ಉಳಿದರು. ಬೆಂಕಿಯೂ ಹೊಗೆಯೂ ಕಾಣಿಸಿಕೊಂಡುದರಿಂದ ರಕ್ಷಕರು ಒಮ್ಮೆ ಹಿಂದೆಗೆಯಬೇಕಾಯಿತು. ಅವರು ಹೊರಗಿನಿಂದ ಹಡಗಿನ ಉಕ್ಕಿನ ಮೈಯನ್ನು ತಟ್ಟಿದರು. ಒಳಗಿನಿಂದ ತಟ್ಟಿದ ಸದ್ದು ಉತ್ತರವಾಗಿ ಬಂದಿತು. ಬೆಂಕಿಯಿಂದ ಉಕ್ಕನ್ನು ಕೊಯ್ದರೆ ಕಿಡಿ ಹಾರಿ ಅನಾಹುತವಾದೀತೆಂದು, ಮೊದಲು ಬೈರಿಗೆಯಿಂದ ಒಂದು ಸಣ್ಣ ರಂಧ್ರ ಕೊರೆದು ಅದರ ಮೂಲಕ ನೀರನ್ನೂ ಆಹಾರವನ್ನೂ ಒಳಕ್ಕೆ ದಾಟಿಸಿದರು. ಬಳಿಕ ಅಂತಹ ರಂಧ್ರಗಳನ್ನು ಒಂದರ ಪಕ್ಕದಲ್ಲೊಂದು ಕೊರೆದು ಮನುಷ್ಯನು ತೂರುವಷ್ಟು ಕಂಡಿ ಮಾಡಿದರು. ಸೆಪ್ಟೆಂಬರ್ 9ರಂದು ನಾಲ್ವರೂ ಜೀವಸಹಿತ ಹೊರಬಂದರು. ಕಡೆಯವನು ಯಂತ್ರಗಳ ಹತೋಟಿಯ ಕೋಣೆಯಲ್ಲಿ ಗಾಜಿನ ಹಿಂದೆ ಸಿಕ್ಕಿಕೊಂಡಿದ್ದನು. ಇಬ್ಬರಿಗೆ ತೀವ್ರವಾದ ಗಾಯಗಳಾಗಿದ್ದವು. ಪ್ರಾಣ ಯಾರದೂ ಹೋಗಲಿಲ್ಲ.

ಎರಡನೆಯದು ತೈಲ. ಬ್ರನ್ಸ್‌ವಿಕ್ಕಿನ ಸುತ್ತ ವಿಸ್ತಾರವಾದ ಉಪ್ಪುನೀರಿನ ಜವುಗುಭೂಮಿಯಿದೆ. ಸಿಡ್ನಿ ಲೇನಿಯರ್ ಕವಿಯು 1878ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕವನದ ವಸ್ತು ಇದೇ. ಇಂತಹ ಜವುಗಿನಲ್ಲಿ ಮೀನು ಸೀಗಡಿಗಳ ಮರಿಗಳು ಬೆಳೆಯುತ್ತವೆ, ಹಕ್ಕಿಗಳು ಗೂಡು ಕಟ್ಟುತ್ತವೆ. ಅದರೊಳಕ್ಕೆ ಎಣ್ಣೆ ಹೊಕ್ಕರೆ ತೊಳೆದು ತೆಗೆಯುವುದು ಬಹು ಕಷ್ಟ. ಆದುದರಿಂದ ಹಡಗನ್ನು ಮುಟ್ಟುವುದಕ್ಕೆ ಮುಂಚೆ, ಮಲಗಿದ ಹಡಗಿನ ತೊಟ್ಟಿಗಳಿಂದ ತೈಲವನ್ನು ಹೊರತೆಗೆಯುವ ಕೆಲಸಕ್ಕೆ ಕೈಹಾಕಿದರು. ಡಿಸೆಂಬರಿನ ವೇಳೆಗೆ 3,20,000 ಗ್ಯಾಲನ್‌ಗಳಿಗಿಂತ ಹೆಚ್ಚಾಗಿ ತೈಲ ಬೆರೆತ ನೀರನ್ನು ಹೊರತೆಗೆದಿದ್ದರು.

ಮೂರನೆಯದು ಹಡಗು. ಮಗುಚಿದ ಹಡಗನ್ನು ಇಡಿಯಾಗಿ ನೆಟ್ಟಗೆ ನಿಲ್ಲಿಸುವ ವಿದ್ಯೆ ಇಲ್ಲದಿಲ್ಲ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನಲ್ಲಿ ಮಗುಚಿದ ಓಕ್ಲಹೋಮಾ ಎಂಬ ಯುದ್ಧನೌಕೆಯನ್ನು 1943ರಲ್ಲಿ ಹಾಗೆ ನಿಲ್ಲಿಸಿದರು. ದಡದ ಮೇಲೆ 21 ವಿದ್ಯುತ್ ರಾಟೆಗಳನ್ನು ನೆಟ್ಟು, ಹಡಗಿನ ಮೈಮೇಲೆ ಎತ್ತರವಾದ ಮರದ ಚೌಕಟ್ಟುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಹಾಯಿಸಿದ ಉಕ್ಕಿನ ಹಗ್ಗಗಳನ್ನು ಮಾರ್ಚಿಯಿಂದ ಜೂನ್‌ವರೆಗೆ ಮೆಲ್ಲಮೆಲ್ಲನೆ ಎಳೆದರು. ಚೌಕಟ್ಟುಗಳು ಮಾಡಿದ್ದು ಸನ್ನೆಗೋಲಿನ ಕೆಲಸ. ತೋಳು ಉದ್ದವಾದಷ್ಟೂ ಎಳೆತದ ಬಲ ಹೆಚ್ಚು. ಆ ಯುದ್ಧನೌಕೆಯ ಮೈ ದಪ್ಪನೆಯ ಉಕ್ಕಿನದು; ಎಳೆತವನ್ನು ತಾಳಿತು. ಗೋಲ್ಡನ್ ರೇ ಒಳಗೆ ಟೊಳ್ಳಾದ ಎತ್ತರದ ಪೆಟ್ಟಿಗೆ. ಅದು ಮಲಗಿದ್ದುದು ಮರಳಿನ ಮೇಲೆ. ಏರಿಳಿತದ ಪ್ರವಾಹವು ಆ ಮರಳನ್ನು ಒಂದು ಕಡೆ ಕೊರೆದು ಇನ್ನೊಂದು ಕಡೆ ಗುಡ್ಡೆಹಾಕುತ್ತಿತ್ತು. ಇಡಿಯಾಗಿ ಎತ್ತಿ ತೇಲಿಸುವುದು ಕ್ಷೇಮವಲ್ಲವೆಂದು 2019ರ ಅಕ್ಟೋಬರಿನಲ್ಲಿ ನಿರ್ಧಾರವಾಯಿತು. ಕಟ್ಟಿ ಎರಡು ವರ್ಷವಷ್ಟೇ ಆಗಿದ್ದ ಹಡಗನ್ನೂ ಅದರೊಳಗಿನ ಗಾಡಿಗಳನ್ನೂ ಕೈಬಿಟ್ಟದ್ದಾಯಿತು.

ಉಳಿದ ದಾರಿ ಕತ್ತರಿಸುವುದು. ಹಡಗಿನ ಸುತ್ತ ಬಲೆಯ ಆವರಣವೊಂದನ್ನು ಕಟ್ಟಿದರು, ಬೀಳುವ ಚೂರುಗಳೂ ಗಾಡಿಗಳೂ ಕೊಚ್ಚಿಹೋಗದಿರಲೆಂದು. ಎರಡು ದೋಣಿಗಳ ಮೇಲೆ ಕಮಾನಿನಂತೆ ನಿಂತ ವಿಬಿ-10000 ಎಂಬ ದೊಡ್ಡ ಎತ್ತುಗಯಂತ್ರವನ್ನು ತಂದು ಹಡಗಿನ ಮೇಲೆ ನಿಲ್ಲಿಸಿದರು. ಹಡಗಿನ ಅಡಿಯಲ್ಲಿ ದಪ್ಪ ಕೊಂಡಿಗಳ ಲಂಗರು ಸರಪಣಿಯನ್ನು ಹಾಯಿಸಿ, ಮೇಲಕ್ಕೆ ಬಿಗಿದು ಹಿಂದಕ್ಕೂ ಮುಂದಕ್ಕೂ ಎಳೆದರೆ ಅದು ಉಕ್ಕನ್ನು ಹರಿಯುತ್ತ ಏರುತ್ತದೆ. ಏಳು ಸಲ ಕೊಯ್ದು ಎಂಟು ತುಂಡು ಮಾಡಬೇಕೆಂಬುದು ಯೋಜನೆ. ಒಂದು ಕೊಯ್ತಕ್ಕೆ ಒಂದು ದಿನ ಸಾಕೆಂಬುದು ಎಣಿಕೆ. 2020ರ ನವೆಂಬರ್ 6ರಂದು ಪ್ರಾರಂಭವಾದ ಮೊದಲನೆಯ ಕೊಯ್ತ ಮುಗಿದದ್ದು 28ರಂದು. 2021ರ ಮೇ ತಿಂಗಳಲ್ಲಿ ಹಡಗಿನ ಉಳಿದ ಭಾಗಕ್ಕೆ ಬೆಂಕಿ ಹತ್ತಿತು. ಜುಲೈ ಕೊನೆಯಲ್ಲಿ, ಒಳಗೆ ಉಳಿದಿದ್ದ ತೈಲ ಸೋರಿ ದ್ವೀಪದ ತೀರವನ್ನು ಮುಟ್ಟಿತು. ಮೊದಲೇ ತೈಲ ತೆಗೆದಿರದಿದ್ದರೆ ಆ ದಿನ ಏನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಅಕ್ಟೋಬರ್ ತಿಂಗಳಲ್ಲಿ ಕಟ್ಟಕಡೆಯ ತುಂಡು ಖಾರಿಯನ್ನು ಬಿಟ್ಟಿತು. ಒಂದು ನಿಮಿಷದಲ್ಲಿ ಬಿದ್ದದ್ದನ್ನು ತೆಗೆಯಲು ಎರಡು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಹಡಗು ಮತ್ತು ಸರಕಿನ ನಷ್ಟ ಸುಮಾರು 20 ಕೋಟಿ ಡಾಲರು. ತೆಗೆದುಹಾಕಿದ ವೆಚ್ಚ 80 ಕೋಟಿಗೂ ಮೇಲೆ.

ವರ್ತಕನ ದೃಷ್ಟಿಯಿಂದ ನೋಡಿದರೆ ಇದು ಹುಚ್ಚು ವ್ಯಾಪಾರವೇ ಸರಿ: ನಾಲ್ಕು ಪಾಲು ತೆತ್ತು ಒಂದು ಪಾಲಿನ ಮುರುಕು ಉಕ್ಕನ್ನು ಕೊಂಡಂತಾಯಿತು. ಹಳೆಯ ಕಾಲದ ಸಮುದ್ರನ್ಯಾಯವೂ ಬಹುಮಟ್ಟಿಗೆ ಇದೇ ದೃಷ್ಟಿಯದು. ಆಪತ್ತಿಗೊಳಗಾದ ಹಡಗನ್ನು ಉಳಿಸಿದವನಿಗೆ ಉಳಿದ ಆಸ್ತಿಯ ಬೆಲೆಗೆ ತಕ್ಕಂತೆ ಸಂಭಾವನೆ. ಏನೂ ಉಳಿಯದಿದ್ದರೆ ಏನೂ ಇಲ್ಲ. ಫಲವಿಲ್ಲದೆ ಪ್ರತಿಫಲವಿಲ್ಲವೆಂಬುದು ಲಾಯ್ಡ್ಸ್ ಸಂಸ್ಥೆಯ ಪ್ರಸಿದ್ಧವಾದ ಕರಾರುಪತ್ರದ ಸೂತ್ರ. ಸಾಹಸಿಗಳನ್ನು ಹುರಿದುಂಬಿಸುವುದಕ್ಕೆ ಈ ನಿಯಮ ಒಳ್ಳೆಯದೇ. ಆದರೆ ಉಳಿಯುವ ಭರವಸೆಯಿಲ್ಲದ ಹಡಗಿನಲ್ಲಿ ಕಡಲನ್ನೇ ಕೆಡಿಸುವಷ್ಟು ಎಣ್ಣೆಯಿದ್ದರೆ, ಅದರ ಬಳಿಗೆ ಯಾರು ಹೋದಾರು? 1978ರಲ್ಲಿ ಅಮೋಕೊ ಕ್ಯಾಡಿಜ್ ಎಂಬ ತೈಲದ ಹಡಗು ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಒಡೆದು, ಎರಡು ಲಕ್ಷ ಟನ್ನುಗಳಿಗೂ ಹೆಚ್ಚು ಎಣ್ಣೆ ಕಡಲಿಗೆ ಹರಿದಾಗ, ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. 1989ರಲ್ಲಿ ಲಂಡನ್ನಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು, ಹಡಗು ಉಳಿಯದಿದ್ದರೂ ಪರಿಸರವನ್ನು ಕಾಪಾಡಲು ದುಡಿದವನಿಗೆ ವಿಶೇಷ ಪರಿಹಾರ ಸಲ್ಲಬೇಕೆಂದು ವಿಧಿಸಿತು. 1996ರಲ್ಲಿ ಅದು ಜಾರಿಗೆ ಬಂದಿತು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಉಂಟು: ಪ್ರಾಣ ಉಳಿಸಿಕೊಂಡವನಿಂದ ಅದಕ್ಕಾಗಿ ಸಂಭಾವನೆ ಕೇಳುವಂತಿಲ್ಲ. ಉಕ್ಕಿಗೆ ಬೆಲೆಯುಂಟು, ತಟ್ಟಿದ ಸದ್ದಿಗೆ ಒಳಗಿನಿಂದ ಉತ್ತರ ಕೊಟ್ಟವನಿಗೆ ಬೆಲೆ ಕಟ್ಟುವುದನ್ನು ನ್ಯಾಯವು ಒಲ್ಲದು.

ಹೀಗೆ, ನಾನು ಮೊದಲು ಎತ್ತಿದ ಪ್ರಶ್ನೆಗೆ ಬ್ರನ್ಸ್‌ವಿಕ್ಕಿನ ಖಾರಿಯಲ್ಲಿ ದೊರೆತ ಉತ್ತರ ಸ್ಪಷ್ಟವಾಗಿದೆ. ಮೊದಲು ಜನ, ಆಮೇಲೆ ಕಡಲು, ಕಡೆಗೆ ಆಸ್ತಿ. ಈ ಅನುಕ್ರಮವನ್ನು ಬಾಯಲ್ಲಿ ಒಪ್ಪುವುದು ಸುಲಭ. 80 ಕೋಟಿ ಡಾಲರಿನ ಪಟ್ಟಿ ಮುಂದಿರುವಾಗ ಒಪ್ಪುವುದು ಕಷ್ಟ. ಆ ಕಷ್ಟವು ಬಾರದಿರಬೇಕಾದರೆ ಆಗಬೇಕಾಗಿದ್ದ ವೆಚ್ಚವಾದರೂ ಎಷ್ಟು? ಹಡಗು ರೇವಿನಲ್ಲಿ ಕಟ್ಟಿದ್ದಾಗಲೇ ಇನ್ನೊಬ್ಬ ಅಧಿಕಾರಿಯು ತೊಟ್ಟಿಗಳ ನೀರನ್ನು ಅಳೆದು ನೋಡಿ, ಮೊದಲನೆಯವನ ಅಂಕಿಗಳ ಪಕ್ಕದಲ್ಲಿ ತನ್ನವನ್ನು ಬರೆದಿದ್ದರೆ ಸಾಕಾಗುತ್ತಿತ್ತು.