ನಿಂತಲ್ಲೇ ತಿರುಗುವ ಯಂತ್ರ

ನಿಮ್ಮ ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವಿದ್ದಾರೆಂದು ಭಾವಿಸಿ. ಇಟ್ಟಿಗೆ, ಗಾರೆ, ಮಣ್ಣು ರಾಶಿ ಬಿದ್ದಿದೆ. ಲಾರಿ ಓಣಿಯೊಳಕ್ಕೆ ಬಾರದು, ತುದಿಯಲ್ಲೇ ನಿಂತಿದೆ. ಈ ರಾಶಿಯನ್ನು ಅಲ್ಲಿಗೆ ಮುಟ್ಟಿಸುವವರು ಯಾರು? ತಲೆಯ ಮೇಲೆ ಸಿಂಬಿ, ಅದರ ಮೇಲೆ ಬಾಂಡ್ಲಿ ಹೊತ್ತ ಕೂಲಿಯವರು. ಇಂಥ ಕಡೆ ಈಗ ಕೆಲವೊಮ್ಮೆ ಒಂದು ಪುಟ್ಟ ಯಂತ್ರ ಬರುವುದನ್ನು ನೀವು ನೋಡಿರಬಹುದು. ಇದರ ಹೆಸರು ಸ್ಕಿಡ್ ಸ್ಟಿಯರ್ ಲೋಡರ್. ಚಕ್ರಗಳನ್ನು ಜಾರಿಸಿ ತಿರುಗಿಸುವ, ಹೊರೆ ಹೇರುವ ಯಂತ್ರವೆಂದು ಅದರ ಅರ್ಥ.

ಜಾರಿಸುವುದು ಹೇಗೆ? ಕಾರಿನ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹೊರಳುತ್ತವೆಯಷ್ಟೆ. ಇದರ ಚಕ್ರಗಳು ಹಾಗೆ ಹೊರಳುವುದೇ ಇಲ್ಲ. ಎಡಗಡೆಯ ಎರಡು ಚಕ್ರಗಳು ಒಂದು ಜೋಡಿ, ಬಲಗಡೆಯವು ಇನ್ನೊಂದು. ಜೋಡೆತ್ತಿನ ಗಾಡಿ ಹೊಡೆಯುವವನು ಒಂದು ಎತ್ತನ್ನು ತಡೆದು ಇನ್ನೊಂದನ್ನು ಮುಂದೆ ನಡೆಸಿ ಗಾಡಿ ತಿರುಗಿಸುವುದಿಲ್ಲವೇ? ಅದೇ ಉಪಾಯ ಇಲ್ಲಿಯೂ. ಒಂದು ಜೋಡಿ ಮುಂದಕ್ಕೆ, ಮತ್ತೊಂದು ಹಿಂದಕ್ಕೆ ಉರುಳಿದರೆ ಯಂತ್ರವು ನಿಂತಲ್ಲೇ ಸುತ್ತು ತಿರುಗುತ್ತದೆ.

ಈ ಉಪಾಯ ಹುಟ್ಟಿದ್ದು ಒಂದು ಕೋಳಿಮನೆಯ ಕಸದಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಮಿನೆಸೋಟ ರಾಜ್ಯದ ರಾತ್‌ಸೇ ಎಂಬ ಊರಿನ ಬಳಿ ಲೂಯಿ ಕೆಲ್ಲರ್, ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದರು. ಎಡ್ಡಿ ವೀಲೋ ಎಂಬ ರೈತ ಟರ್ಕಿಕೋಳಿಗಳನ್ನು ಸಾಕಿದ್ದ. ಅವನ ಕೊಟ್ಟಿಗೆಗೆ ಮಹಡಿ ಬೇರೆ, ಒಳಗೆಲ್ಲ ಕಂಬಗಳು. ಕಂಬಗಳ ನಡುವೆ ತಿರುಗುವಷ್ಟು ಚಿಕ್ಕದಾಗಿ, ಮಹಡಿ ತಾಳುವಷ್ಟು ಹಗುರವಾಗಿ ಇರುವ ಯಂತ್ರ ಅವನಿಗೆ ಬೇಕಿತ್ತು. ಅಣ್ಣತಮ್ಮಂದಿರು 1957ರಲ್ಲಿ ಮೂರು ಚಕ್ರದ ಯಂತ್ರವೊಂದನ್ನು ಮಾಡಿಕೊಟ್ಟರು. ಮರುವರ್ಷ ಉತ್ತರ ಡಕೋಟದ ಮೆಲ್ರೋ ಕಂಪೆನಿ ಅವರನ್ನು ಕರೆಸಿಕೊಂಡಿತು. 1960ರಲ್ಲಿ ನಾಲ್ಕು ಚಕ್ರದ ಯಂತ್ರ ಬಂದಿತು. 1962ರಲ್ಲಿ ಅದಕ್ಕೆ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನ ಹೆಸರಿಟ್ಟರು. ಇಂದಿಗೂ ಎಷ್ಟೋ ಜನ ಈ ಜಾತಿಯ ಯಂತ್ರವನ್ನೆಲ್ಲ ಅದೇ ಹೆಸರಿನಿಂದ ಕರೆಯುತ್ತಾರೆ.

ಇನ್ನು ಇದರ ಪ್ರಯೋಜನಗಳು. ಮುಂದಿರುವ ಬಕೆಟ್ಟನ್ನು ಕಳಚಿ ಬೇರೆ ಬೇರೆ ಸಲಕರಣೆಗಳನ್ನು ಜೋಡಿಸಬಹುದು. ಬರಿಗೆ ಜೋಡಿಸಿದರೆ ಗುಂಡಿ ತೋಡುತ್ತದೆ. ಪೊರಕೆ ಜೋಡಿಸಿದರೆ ರಸ್ತೆ ಗುಡಿಸುತ್ತದೆ. ಕವಲುಗೋಲು ಜೋಡಿಸಿದರೆ ಸಾಮಾನು ಎತ್ತುತ್ತದೆ. ಸುತ್ತಿಗೆ ಜೋಡಿಸಿದರೆ ಕಾಂಕ್ರೀಟು ಒಡೆಯುತ್ತದೆ. ಕೊಟ್ಟಿಗೆಯ ಗೊಬ್ಬರವಾಗಲಿ, ಹಡಗಿನ ಒಡಲಲ್ಲಿ ಉಳಿದ ಸರಕಾಗಲಿ, ದೊಡ್ಡ ಯಂತ್ರ ಹೋಗಲಾರದೆಡೆಗೆ ಇದು ಹೋಗುತ್ತದೆ.

ಹಾಗೆಂದು ಇದು ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಜಾರಿ ತಿರುಗುವುದರಿಂದ ಟೈರು ಬೇಗ ಸವೆಯುತ್ತದೆ, ಹುಲ್ಲುಹಾಸು ಕಿತ್ತುಹೋಗುತ್ತದೆ. ದೂರದ ಊರಿಗೆ ಇದನ್ನು ಲಾರಿಯ ಮೇಲೆಯೇ ಒಯ್ಯಬೇಕು.

ಅಪಾಯವೂ ಉಂಟು. ಯಂತ್ರ ಚಿಕ್ಕದು, ಹೊರೆ ಭಾರ. ಆದ್ದರಿಂದ ಯಂತ್ರ ಮುಗ್ಗರಿಸುವಷ್ಟು ತೂಕದ ಅರ್ಧವನ್ನೇ ಚಕ್ರದ ಯಂತ್ರಕ್ಕೆ ಮಿತಿಯಾಗಿ ಇಟ್ಟಿದ್ದಾರೆ. ಹೊರೆಯನ್ನು ನೆಲಕ್ಕೆ ಹತ್ತಿರವಾಗಿ ಹಿಡಿದೇ ಸಾಗಬೇಕು. ಇಳಿಜಾರಿನಲ್ಲಿ ಭಾರವಾದ ತುದಿ ಯಾವಾಗಲೂ ಮೇಲ್ಗಡೆಗಿರಬೇಕು. ಎತ್ತಿ ನಿಂತ ತೋಳುಗಳಿಗೆ ಭದ್ರವಾದ ಆಸರೆ ಕೊಡದೆ ಅವುಗಳ ಕೆಳಗೆ ಯಾರೂ ನುಸುಳಕೂಡದು. ಮನೆಯವರಿಗೆ ಒಂದು ಮಾತು: ಚಾಲಕನಿಗೆ ಹಿಂಬದಿ ಚೆನ್ನಾಗಿ ಕಾಣುವುದಿಲ್ಲ, ಯಂತ್ರವೋ ಕ್ಷಣದಲ್ಲಿ ತಿರುಗಿಬಿಡುತ್ತದೆ. ಅದು ನಿಮ್ಮ ಓಣಿಗೆ ಬಂದ ದಿನ ಮಕ್ಕಳನ್ನು ಜಗಲಿಯಿಂದ ಕೆಳಗಿಳಿಸಬೇಡಿ.

ಇಷ್ಟಾದ ಮೇಲೆ ನೀವು ಕೇಳಬಹುದು: ಬಾಂಡ್ಲಿ ಹೊರುತ್ತಿದ್ದವರ ಕೂಲಿ ಏನಾಯಿತು? ನ್ಯಾಯವಾದ ಪ್ರಶ್ನೆ. ದಿನವೆಲ್ಲ ತಲೆಯ ಮೇಲೆ ಕಲ್ಲು ಹೊತ್ತ ತಾಯಿಯ ಕತ್ತಿನ ನೋವನ್ನು ಬಲ್ಲವರು ಆ ಕೆಲಸ ಹಾಗೆಯೇ ಉಳಿಯಲಿ ಎನ್ನಲಾರರು. ಆದರೆ ಹೊರೆಯನ್ನು ಇಳಿಸುವಾಗ ಕೂಲಿಯನ್ನೂ ಕಿತ್ತುಕೊಂಡರೆ ಅದು ಉಪಕಾರವಾಗದು. ಇದನ್ನು ನಡೆಸಲು ದೊಡ್ಡ ಮೈಬಲ ಬೇಡ; ಸರಿಯಾದ ತರಬೇತಿ, ಎಚ್ಚರ ಬೇಕು. ಆ ತರಬೇತಿಯನ್ನು ಮೊದಲು ಕೊಡಬೇಕಾದದ್ದು ಬಾಂಡ್ಲಿ ಹೊತ್ತವರ ಮನೆಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಸಹ. ಮನೆ ಕಟ್ಟಿಸುವವರು, ಗುತ್ತಿಗೆದಾರರು, ನಗರಸಭೆಯವರು ಯಂತ್ರದ ಬಾಡಿಗೆಯನ್ನು ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಲಿ ಎಂಬುದು ನನ್ನ ವಿನಂತಿ.