ಕುಲುಮೆಗೆ ಹೋಗಿ ಸುತ್ತಿಗೆ ಹಿಡಿದು ನೋಡಿರಿ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾವು ಸಭೆ ಸೇರಿದಾಗಲೆಲ್ಲ ಬೀಜ, ಗೊಬ್ಬರ, ನೀರು, ಔಷಧಿ, ಈ ನಾಲ್ಕರ ಮಾತು ತಪ್ಪದೆ ಬರುತ್ತದೆ. ಆದರೆ ಬೀಜ ಬೀಳುವ ಮೊದಲು ನೆಲವನ್ನು ಸೀಳುವುದು ಕಬ್ಬಿಣ. ಬೆಳೆ ನಿಂತ ಮೇಲೆ ಅದನ್ನು ಕೊಯ್ಯುವುದೂ ಕಬ್ಬಿಣವೇ. ಆ ಕಬ್ಬಿಣದ ವಿಷಯವಾಗಿ ನಾವು ಮಾತನಾಡುವುದು ಬಹಳ ಕಡಮೆ. ಆದುದರಿಂದ ಇಂದು ನಿಮ್ಮ ಮುಂದೆ ಊರ ಕಮ್ಮಾರನ ಕುಲುಮೆಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಕುಲುಮೆಯನ್ನು ಹೊಗಳಿ ಹೋಗುವುದು ನನ್ನ ಉದ್ದೇಶವಲ್ಲ. ನೀವು ಅಲ್ಲಿಗೆ ಹೋಗಬೇಕು, ಒಂದು ಬೆಳಗು ಕುಳಿತು ನೋಡಬೇಕು, ಸುತ್ತಿಗೆಯನ್ನು ನಿಮ್ಮ ಕೈಯಲ್ಲಿ ಹಿಡಿಯಬೇಕು ಎಂಬುದೇ ನನ್ನ ಬಿನ್ನಹ.

ಇದರಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ಸುಗ್ಗಿಯ ದಿನ ಹತ್ತು ಮಂದಿ ಆಳು ನಿಮ್ಮ ಹೊಲಕ್ಕೆ ಇಳಿದಿದ್ದಾರೆಂದು ಇಟ್ಟುಕೊಳ್ಳಿರಿ. ಕುಡುಗೋಲಿನ ಬಾಯಿ ನಿಲ್ಲದೆ ಒಬ್ಬೊಬ್ಬರೂ ದಿನಕ್ಕೆ ಅರ್ಧ ಗಂಟೆ ಮಸೆಯುತ್ತ ಕುಳಿತರೆ ನಿಮ್ಮ ಐದು ಗಂಟೆಯ ಕೂಲಿ ಕಲ್ಲಿನ ಪಾಲಾಯಿತು. ಗುಳದ ಮೊನೆ ಮೊಂಡಾಗಿದ್ದರೆ ನೇಗಿಲು ಆಳಕ್ಕೆ ಇಳಿಯದು, ಎತ್ತು ಬಳಲುವುದು. ಮೊಂಡು ಮುಟ್ಟಿನಿಂದ ಆಗುವ ಈ ನಷ್ಟವನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಆದರೂ ಅದು ವರ್ಷ ವರ್ಷ ನಡೆದೇ ಇರುತ್ತದೆ.

ಬಾಂಧವರೇ, "ಹದ ನೋಡಿ ಹರಗು, ಬೆದೆ ನೋಡಿ ಬಿತ್ತು" ಎಂಬ ಗಾದೆ ನಿಮಗೆ ತಿಳಿಯದ್ದಲ್ಲ. ಮಣ್ಣಿನ ಹದವನ್ನು ನೀವು ಅಂಗೈಯಲ್ಲಿ ಹಿಡಿ ಮಣ್ಣು ಹಿಸುಕಿ ಹೇಳಬಲ್ಲಿರಿ. ಕಬ್ಬಿಣಕ್ಕೂ ಇದೇ ಮಾತು ಸಲ್ಲುತ್ತದೆ. ಹದ ಎಂಬ ಒಂದೇ ಪದವನ್ನು ನೀವು ಹೊಲದಲ್ಲಿ ಬಳಸುತ್ತೀರಿ, ಕಮ್ಮಾರನು ಕುಲುಮೆಯಲ್ಲಿ ಬಳಸುತ್ತಾನೆ. ಕೃಷಿ ಡಿಪ್ಲೊಮಾ ಓದಿದ ನಮಗೆ ಮಣ್ಣಿನ ಹದವನ್ನು ಕಲಿಸಿದರು. ಕಬ್ಬಿಣದ ಹದವನ್ನು ಮಾತ್ರ ನಾನು ಕಲಿತದ್ದು ಅಡಿಗಲ್ಲಿನ ಮುಂದೆ ನಿಂತು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸುಮಾರು 3000 ವರ್ಷಗಳಷ್ಟು ಹಿಂದಿನ ಕಬ್ಬಿಣದ ಮುಟ್ಟುಗಳು ಸಿಕ್ಕವು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನು, ನಮ್ಮವರು ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿಟ್ಟನು. ದಕ್ಷಿಣ ದೇಶದ ಉಕ್ಕನ್ನು ಇಂಗ್ಲೆಂಡಿನವರು "ವೂಟ್ಸ್" ಎಂದು ಕರೆದರು. 1795ರಲ್ಲೇ ಅಲ್ಲಿಯ ಪಂಡಿತರು ಅದನ್ನು ಪರೀಕ್ಷಿಸಿದರು. ಮುಂದೆ 1819ರಲ್ಲಿ ಫ್ಯಾರಡೆಯಂಥ ದೊಡ್ಡ ವಿಜ್ಞಾನಿಯೂ ಅದನ್ನು ಶೋಧಿಸಿದನು. ಆ ಹೆಸರು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಹುಟ್ಟಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಭದ್ರಾವತಿಯ ಕಾರ್ಖಾನೆಯಿಂದ 1923ರಲ್ಲಿ ಕಬ್ಬಿಣ ಹೊರಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಹಳ್ಳಿಗಳಲ್ಲಿ ಈ ಕೈಗಳು ಕೆಲಸ ಮಾಡುತ್ತಿದ್ದವು.

ಇನ್ನು ಕುಲುಮೆಗೆ ಹೋಗೋಣ. ಅಲ್ಲಿ ಇರುವುದು ನಾಲ್ಕೇ ಸಾಮಾನು: ಇದ್ದಿಲಿನ ಒಲೆ, ಅದಕ್ಕೆ ಗಾಳಿ ಊದುವ ತಿದಿ, ಅಡಿಗಲ್ಲು, ನೀರಿನ ತೊಟ್ಟಿ. ಇವುಗಳ ಜೊತೆಗೆ ಇಕ್ಕುಳ, ಸುತ್ತಿಗೆ, ದೊಡ್ಡ ಸಮ್ಮಟಿಗೆ. ಈಗ ಹಲವು ಕಡೆ ತಿದಿಯ ಬದಲು ವಿದ್ಯುತ್ತಿನ ಗಾಳಿಯಂತ್ರ ಬಂದಿದೆ. ಕಮ್ಮಾರನು ಕಲ್ಲಿದ್ದಲಿಗಿಂತ ಮರದ ಇದ್ದಿಲನ್ನೇ ಮೆಚ್ಚುವುದಕ್ಕೆ ಕಾರಣವುಂಟು. ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ. ಅದು ಕಬ್ಬಿಣಕ್ಕೆ ಸೇರಿದರೆ ಕೆಂಪಗೆ ಕಾದಾಗ ಬಡಿದ ಕಡೆ ಬಿರುಕು ಬಿಡುತ್ತದೆ.

ಮೊದಲು ಸುಮ್ಮನೆ ಬಣ್ಣವನ್ನು ನೋಡುತ್ತ ಕುಳಿತುಕೊಳ್ಳಿರಿ. ಕುಲುಮೆ ನೆರಳಿನಲ್ಲಿ, ಅರೆಗತ್ತಲಲ್ಲಿ ಇರುವುದೇಕೆಂದು ಆಗ ತಿಳಿಯುತ್ತದೆ. ಬಿಸಿಲಿನಲ್ಲಿ ಕಾವಿನ ಬಣ್ಣ ಕಣ್ಣಿಗೆ ಸಿಕ್ಕದು. ಕಬ್ಬಿಣವು ಮೊದಲು ಕಡುಗೆಂಪಾಗುತ್ತದೆ. ಆಮೇಲೆ ಹಣ್ಣುಮೆಣಸಿನಕಾಯಿಯ ಕೆಂಪು, ಆಮೇಲೆ ಕಿತ್ತಳೆಹಣ್ಣಿನ ಬಣ್ಣ, ಮುಂದೆ ಅರಿಶಿನ. ಅದನ್ನೂ ದಾಟಿ ಬೆಳ್ಳಗಾಗಿ ಕಿಡಿ ಸಿಡಿಯತೊಡಗಿದರೆ ಕಬ್ಬಿಣವೇ ಉರಿಯುತ್ತಿದೆಯೆಂದು ಅರ್ಥ. ಹಾಗೆ ಸುಟ್ಟ ಉಕ್ಕು ಮತ್ತೆ ಸರಿಯಾಗದು. ಕಿತ್ತಳೆ ಬಣ್ಣದಲ್ಲಿ ಬಡಿದರೆ ಕಬ್ಬಿಣವು ಕಣಕದಂತೆ ಕೇಳಿದ ಕಡೆಗೆ ಬರುತ್ತದೆ. ಕೆಂಪು ಆರಿ ಕಪ್ಪಾದ ಮೇಲೂ ಬಡಿಯುತ್ತ ಹೋದರೆ ಒಳಗೆ ಬಿರುಕು ಬೀಳುತ್ತದೆ. ಆದುದರಿಂದಲೇ ಕಮ್ಮಾರನು ಮಾತಿನ ನಡುವೆಯೇ ಎದ್ದು ಹೋಗುತ್ತಾನೆ. ಅವನು ನಿಮ್ಮನ್ನು ಅಲಕ್ಷ್ಯ ಮಾಡಿದನೆಂದು ಎಣಿಸಬೇಡಿರಿ. ಕಾವು ಯಾರಿಗೂ ಕಾಯುವುದಿಲ್ಲ.

ಬಳಿಕ ಕೇಳಿಕೊಂಡು ಸಮ್ಮಟಿಗೆಯನ್ನು ಹಿಡಿಯಿರಿ. ಕಮ್ಮಾರನು ಎಡಗೈಯಲ್ಲಿ ಇಕ್ಕುಳ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಒಂದು ಕಡೆ ಮುಟ್ಟಿ ತೋರಿಸುತ್ತಾನೆ. ಅವನು ಮುಟ್ಟಿದ ಕಡೆಗೇ ನಿಮ್ಮ ಸಮ್ಮಟಿಗೆ ಬೀಳಬೇಕು. ಅವನು ಅಡಿಗಲ್ಲಿನ ಬದಿಗೆ ಸುತ್ತಿಗೆ ತಟ್ಟಿದನೆಂದರೆ ನೀವು ನಿಲ್ಲಿಸಬೇಕು. ಇದೆಲ್ಲ ಬಾಯಿ ಮಾತಿಲ್ಲದೆ ನಡೆಯುತ್ತದೆ. ಬಹುಕಾಲದಿಂದ ಎಷ್ಟೋ ಕುಲುಮೆಗಳಲ್ಲಿ ಹೀಗೆ ಎದುರು ನಿಂತು ಸಮ್ಮಟಿಗೆ ಎತ್ತಿದವಳು, ತಿದಿ ಒತ್ತಿದವಳು ಕಮ್ಮಾರನ ಮಡದಿ. ಈ ಮಾತನ್ನು ಸಭೆಯಲ್ಲಿರುವ ತಾಯಂದಿರು ವಿಶೇಷವಾಗಿ ಗಮನಿಸಬೇಕು.

ನಾನೂ ಒಂದು ಕುಲುಮೆಯಲ್ಲಿ ಮೂರು ಬೆಳಗು ನಿಂತು ಒಂದು ಕುಡುಗೋಲನ್ನು ಬಡಿದೆನು. ವಯಸ್ಸಾದ ಆ ಆಚಾರ್ಯರು ನನಗೆ ಹೇಳಿದ್ದು ಒಂದೇ ಮಾತು: "ಸ್ವಾಮಿ, ತೋಳಿನ ಬಲ ಹಾಕಬೇಡಿ, ಸುತ್ತಿಗೆ ಎತ್ತೋದು ನಿಮ್ಮ ಕೆಲಸ, ಬೀಳೋದು ಅದರ ಕೆಲಸ." ಗುದ್ದಲಿ ಹಿಡಿದು ಅಗೆಯುವ ರೈತನಿಗೆ ಇದು ಬೇಗ ಅರ್ಥವಾಗುತ್ತದೆ. ಮುಟ್ಟಿನ ಭಾರವನ್ನು ದುಡಿಸಿಕೊಳ್ಳುವವನು ಸಂಜೆಯವರೆಗೂ ಸೋಲುವುದಿಲ್ಲ. ಮೂರನೆಯ ದಿನ ನನ್ನ ಕುಡುಗೋಲು ರಾಗಿಯ ತಾಳನ್ನು ಕೊಯ್ಯಿತು. ಆಚಾರ್ಯರು ಅಂಥದೊಂದನ್ನು ಒಂದು ಗಂಟೆಯೊಳಗೆ ಮುಗಿಸುತ್ತಿದ್ದರು. ಕುಡುಗೋಲಿಗೆ ನಾವು ಕೊಡುವ ಬೆಲೆಯಲ್ಲಿ ಕಬ್ಬಿಣದ ಬೆಲೆ ಎಷ್ಟು, ಕೈಯ ಬೆಲೆ ಎಷ್ಟು ಎಂಬುದು ಹೀಗೆ ದುಡಿದು ನೋಡಿದವನಿಗೆ ಬೇಗ ತಿಳಿಯುತ್ತದೆ.

ಈಗ ಮುಖ್ಯವಾದ ಹದದ ವಿಷಯಕ್ಕೆ ಬರುತ್ತೇನೆ. ಎಲ್ಲ ಕಬ್ಬಿಣವೂ ಗಟ್ಟಿಯಾಗದು. ಕಬ್ಬಿಣದೊಳಗೆ ಇಂಗಾಲದ ಅಂಶ ನೂರಕ್ಕೆ ಕಾಲು ಭಾಗಕ್ಕಿಂತ ಕಡಮೆಯಿದ್ದರೆ ಅದು ಮೆದು ಕಬ್ಬಿಣ. ಅದಕ್ಕೆ ಎಷ್ಟು ನೀರು ಕುಡಿಸಿದರೂ ಬಾಯಿ ನಿಲ್ಲದು. ಲಾರಿಯ ಕಮಾನು ಪಟ್ಟಿಯಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಹಳೆಯ ಕಮಾನು ಪಟ್ಟಿಯನ್ನು ಕಮ್ಮಾರನು ಹುಡುಕಿ ತರುವುದು ಇದಕ್ಕಾಗಿಯೇ. ತಿರುಗುವ ಸಾಣೆಗೆ ಹಿಡಿದರೆ ಎರಡರ ಭೇದ ಕಾಣುತ್ತದೆ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ನೆಟ್ಟಗೆ ಹಾರುತ್ತದೆ. ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಹೂವಿನಂತೆ ಸಿಡಿಯುತ್ತದೆ.

ಆಕಾರ ಬಂದ ಮೇಲೆ ಬಾಯಿಯ ಭಾಗವನ್ನು ಹಣ್ಣುಮೆಣಸಿನಕಾಯಿಯ ಕೆಂಪಿಗೆ ಕಾಯಿಸುತ್ತಾರೆ. ಈ ಕಾವನ್ನು ತಿಳಿಯಲು ಒಂದು ಉಪಾಯವುಂಟು. ಸುಮಾರು 770 ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಕಬ್ಬಿಣವನ್ನು ಆಯಸ್ಕಾಂತವು ಹಿಡಿಯುವುದಿಲ್ಲ. ಆಗ ಅದನ್ನು ತೆಗೆದು ಬಾಯಿಯನ್ನು ಮಾತ್ರ ನೀರಿಗೆ ಅದ್ದುತ್ತಾರೆ. ತೆಳುವಾದ ಮುಟ್ಟು ನೀರಿನಲ್ಲಿ ಸೀಳುವ ಭಯವಿರುವುದರಿಂದ ಅದಕ್ಕೆ ಎಣ್ಣೆ ಮೇಲು. ನೀರು ಕುಡಿದ ಬಾಯಿ ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಬಿರುಸು. ಕಲ್ಲಿಗೆ ತಗುಲಿದರೆ ಚೂರು ಹಾರುತ್ತದೆ. ಆದ್ದರಿಂದ ಸ್ವಲ್ಪ ಮೆದುಗೊಳಿಸಬೇಕು. ಬಾಯಿಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಕಣ್ಣಿಟ್ಟು ಕಾಯುತ್ತಾರೆ. ಹಿಂಭಾಗದಲ್ಲಿ ಉಳಿದ ಕಾವು ಮೆಲ್ಲಮೆಲ್ಲನೆ ಬಾಯಿಗೆ ಹರಿದು ಬಣ್ಣ ಏರಿಸುತ್ತದೆ: ಮೊದಲು ಒಣಹುಲ್ಲಿನ ಹಳದಿ, ಅದು ಸುಮಾರು 220 ಡಿಗ್ರಿ, ಆಮೇಲೆ ಬೆಲ್ಲದ ಕಂದು, ಆಮೇಲೆ ನೇರಳೆ, ಕೊನೆಗೆ ನವಿಲುಕೊರಳಿನ ನೀಲಿ, ಅದು ಸುಮಾರು 300 ಡಿಗ್ರಿ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣವೇ ಮತ್ತೆ ನೀರಿಗೆ. ಒಂದೆರಡು ಉಸಿರಿನ ಹೊತ್ತು ತಡವಾದರೂ ಹದ ದಾಟುತ್ತದೆ.

ಯಾವ ಮುಟ್ಟಿಗೆ ಯಾವ ಬಣ್ಣ? ಕುಡುಗೋಲಿಗೆ ಹುಲ್ಲಿನ ಹಳದಿಯಿಂದ ಬೆಲ್ಲದ ಕಂದಿನವರೆಗೆ. ಏಟು ತಿನ್ನುವ ಕೊಡಲಿಗೆ, ಮಚ್ಚಿಗೆ ಕಂದು ದಾಟಿ ನೇರಳೆ. ಕಲ್ಲು ನೆಲವನ್ನು ಅಗೆಯುವ ಪಿಕಾಸಿಗೆ, ಗುಳಕ್ಕೆ ನೇರಳೆಯಿಂದ ನೀಲಿ. ಇಲ್ಲಿಯೇ ಊರ ಕುಲುಮೆಯ ಹೆಚ್ಚುಗಾರಿಕೆ ಇರುವುದು. ಅಂಗಡಿಯ ಮುಟ್ಟಿಗೆ ಎಲ್ಲ ನೆಲಕ್ಕೂ ಒಂದೇ ಹದ. ಕಮ್ಮಾರನಾದರೋ ನಿಮ್ಮ ಹೊಲ ಗರಸು ನೆಲವೋ, ಎರೆಯೋ, ಮರಳು ಮಿಶ್ರವೋ ಎಂದು ಕೇಳಿ, ಅದಕ್ಕೆ ತಕ್ಕಂತೆ ಹದ ಕೊಡಬಲ್ಲನು. ನಿಮ್ಮ ಮಣ್ಣಿನ ಗುಣವನ್ನು ಅವನಿಗೆ ಹೇಳಿರಿ. ಮುಟ್ಟು ಸೀಳಿತೋ, ಮಡಿಸಿತೋ ಎಂಬುದನ್ನೂ ತಂದು ತೋರಿಸಿರಿ. ಸೀಳಿದರೆ ಹದ ಬಿರುಸಾಯಿತು, ಮಡಿಸಿದರೆ ಮೆದುವಾಯಿತು. ಮುಂದಿನ ಸಲ ಅವನು ತಿದ್ದಿಕೊಡುತ್ತಾನೆ.

ಮನೆಗೆ ತಂದ ಮುಟ್ಟಿನ ಹದವನ್ನು ಕಾಯುವ ಹೊಣೆ ನಿಮ್ಮದು. ವಿದ್ಯುತ್ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಯಾಯಿತೆಂದರೆ ಕುಡುಗೋಲಿನ ಹದ ಹೋಯಿತು. ಆಗಾಗ ನೀರಿಗೆ ಅದ್ದುತ್ತ ಮಸೆಯಬೇಕು. ಕಾವು ಮುರಿದರೆ ಮೊಟಕನ್ನು ತೆಗೆಯಲೆಂದು ಗುದ್ದಲಿಯನ್ನು ಒಲೆಗೆ ಹಾಕಬಾರದು. ಕೆಲಸ ಮುಗಿದ ಮೇಲೆ ಮಣ್ಣು ಒರಸಿ, ಎಣ್ಣೆ ಸವರಿ, ಒಣಗಿದ ಕಡೆ ತೂಗುಹಾಕಬೇಕು.

ಕುಲುಮೆಗೆ ಹೋಗುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ಹತ್ತಿಯ ಬಟ್ಟೆ ಉಡಿರಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಕಾಲಿಗೆ ಮುಚ್ಚಿದ ಮೆಟ್ಟು, ಕಣ್ಣಿಗೆ ಕನ್ನಡಕ ಇರಲಿ. ಕೆಳಗೆ ಬಿದ್ದ ಕಪ್ಪು ಕಬ್ಬಿಣವನ್ನು ಮುಟ್ಟಬೇಡಿರಿ. ಕೆಂಪು ಆರಿದರೂ ಚರ್ಮ ಸುಡುವಷ್ಟು ಕಾವು ಅದರಲ್ಲಿರುತ್ತದೆ. ಸತುವಿನ ಲೇಪವಿರುವ ನೀರಿನ ಕೊಳವೆಗಳನ್ನು ಒಲೆಗೆ ಹಾಕಗೊಡಬೇಡಿರಿ, ಆ ಹೊಗೆಯಿಂದ ಚಳಿಜ್ವರ ಬರುತ್ತದೆ. ಎರಡೂ ಕಡೆ ಮುಚ್ಚಿದ ವಾಹನದ ಕೊಳವೆಗಳು ಕಾದರೆ ಸಿಡಿಯುವ ಅಪಾಯವೂ ಉಂಟು. ಮಕ್ಕಳನ್ನು ಕರೆದೊಯ್ಯಿರಿ, ಆದರೆ ದೂರ ಕೂರಿಸಿರಿ.

ಕೊನೆಯದಾಗಿ ಒಂದು ಕಠಿಣ ಮಾತು ಹೇಳಬೇಕಾಗಿದೆ. ಎಷ್ಟೋ ಊರುಗಳಲ್ಲಿ ಕುಲುಮೆ ಆರಿದೆ. ಹಿಂದೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆದು ಕೊಡುತ್ತಿದ್ದರು. ಆಯ ನಿಂತ ಮೇಲೆ ಅದರ ಸ್ಥಳದಲ್ಲಿ ಹಣ ಸರಿಯಾಗಿ ಬರಲಿಲ್ಲ. "ಸುಗ್ಗಿಗೆ ಕೊಡುತ್ತೇನೆ" ಎಂಬ ಮಾತು ಎಷ್ಟು ಸುಗ್ಗಿ ದಾಟಿದೆಯೆಂದು ನಮ್ಮ ನಮ್ಮ ಮನಸ್ಸನ್ನೇ ಕೇಳಿಕೊಳ್ಳೋಣ. ಮಗನು ಪಟ್ಟಣದ ಕೆಲಸಕ್ಕೆ ಹೋದದ್ದಕ್ಕೆ ಅಪ್ಪನ ಬಾಕಿ ಪುಸ್ತಕವೂ ಒಂದು ಕಾರಣ. ಯಂತ್ರ ಬಂದಿದೆ, ಕಮ್ಮಾರನೇಕೆ ಎನ್ನುವವರೂ ಇದ್ದಾರೆ. ಆದರೆ ಟ್ರ್ಯಾಕ್ಟರಿನ ನೇಗಿಲಿನ ಮೊನೆಯೂ ಸವೆಯುತ್ತದೆ. ಅದು ಬಿತ್ತನೆಯ ದಿನವೇ ಸವೆದರೆ ಪಟ್ಟಣಕ್ಕೆ ಓಡುವಷ್ಟರಲ್ಲಿ ಬೆದೆ ಆರಿಹೋಗುತ್ತದೆ.

ಆದುದರಿಂದ ನೀವು ಮಾಡಬೇಕಾದ ಕೆಲಸ ಮೂರು. ಮೊದಲನೆಯದು, ಮುಟ್ಟುಗಳನ್ನು ಯುಗಾದಿಯ ಸುಮಾರಿಗೇ ಕುಲುಮೆಗೆ ತಲುಪಿಸಿರಿ. ಮಳೆ ಬಿದ್ದ ಮರುದಿನ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರಿಗೂ ಒಳ್ಳೆಯ ಹದ ಸಿಕ್ಕದು. ಎರಡನೆಯದು, ಕೆಲಸವಾದ ದಿನವೇ ಕೂಲಿ ಕೊಡಿರಿ. ಮೂರನೆಯದು, ನಿಮ್ಮೂರ ಕಮ್ಮಾರನಿಗೆ ಸರ್ಕಾರದ ನೆರವಿನ ಸುದ್ದಿ ಮುಟ್ಟಿಸಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳನ್ನು ಸೇರಿಸಿದ್ದಾರೆ. ಕಮ್ಮಾರಿಕೆಯೂ ಅದರಲ್ಲಿ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷ ಮತ್ತು ಎರಡನೆಯ ಕಂತಿನಲ್ಲಿ 2 ಲಕ್ಷ ರೂಪಾಯಿವರೆಗೆ ನೂರಕ್ಕೆ 5ರ ಬಡ್ಡಿಯ ಸಾಲ ಇದರಲ್ಲಿ ಸೇರಿವೆ. ಅರ್ಜಿಯ ನೋಂದಣಿ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ನಡೆಯುತ್ತದೆ. ಓದು ಬಾರದ ಹಿರಿಯರಿದ್ದರೆ ನಿಮ್ಮ ಮನೆಯ ಹುಡುಗರು ಜೊತೆಗೆ ಹೋಗಿ ಬರಲಿ.

ಹೊಲದ ಹದ ತಪ್ಪಿದರೆ ಒಂದು ಬೆಳೆ ಹೋದೀತು, ಮುಂದಿನ ವರ್ಷ ಮತ್ತೆ ಬಿತ್ತಬಹುದು. ಕುಲುಮೆ ಆರಿ, ಹದ ಬಲ್ಲ ಕಣ್ಣು ಮುಚ್ಚಿದರೆ ಅದನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ಬರುವ ವಾರವೇ ಒಂದು ಬೆಳಗು ಬಿಡುವು ಮಾಡಿಕೊಂಡು ನಿಮ್ಮ ಮೊಂಡು ಕುಡುಗೋಲಿನೊಡನೆ ಕುಲುಮೆಗೆ ಹೋಗಿರಿ.