ಮರೆವೂ ಮರಳುವ ನೆನಪೂ

ಪರಿಚಿತರೊಬ್ಬರು ಎದುರಿಗೆ ಬಂದು ಕೈಮುಗಿಯುತ್ತಾರೆ. ಮುಖ ಗೊತ್ತು, ಮನೆ ಗೊತ್ತು. ಹೆಸರು ಮಾತ್ರ ನಾಲಗೆಯ ತುದಿಯಲ್ಲಿ ನಿಂತುಬಿಡುತ್ತದೆ. ಅವರು ಹೋದ ಮೇಲೆ, ನಾವು ಊಟಕ್ಕೆ ಕುಳಿತಾಗ, ಅದು ಕರೆಯದೆಯೆ ಬರುತ್ತದೆ. ಇಲ್ಲಿ ನೆನಪು ನಷ್ಟವಾಗಿರಲಿಲ್ಲ. ಅದನ್ನು ಮುಟ್ಟುವ ದಾರಿ ತಪ್ಪಿತ್ತು. ನಿದ್ರೆಗೇಡು, ಚಿಂತೆ, ಬಳಲಿಕೆಗಳು ಈ ದಾರಿಯನ್ನು ಆಗಾಗ ಮುಚ್ಚುವುವು.

ಆದರೆ ಎಲ್ಲ ಮರೆವೂ ಇಂಥದಲ್ಲ. ನಮ್ಮ ದೊಡ್ಡಪ್ಪನವರು ಒಂದು ಬೆಳಗ್ಗೆ ಸ್ನಾನ ಮುಗಿಸಿ ಬಂದವರು, “ಇವತ್ತು ಯಾವ ವಾರವಪ್ಪ?” ಎಂದು ಕೇಳಿದರು. ಹೇಳಿದೆವು. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ತಮ್ಮ ಹೆಸರು, ಮಕ್ಕಳ ಗುರುತು, ಸಂಧ್ಯಾವಂದನೆಯ ಮಂತ್ರ ಯಾವುದೂ ಅವರಿಗೆ ತಪ್ಪಿರಲಿಲ್ಲ. ಇಪ್ಪತ್ತನೆಯ ಸಲ ನಾವು ಬೇಸತ್ತು, “ಎಷ್ಟು ಸಲ ಹೇಳುವುದು, ದೊಡ್ಡಪ್ಪ?” ಎಂದು ಗದರಿದೆವು. ವೈದ್ಯರು ಬಂದು ಪರೀಕ್ಷಿಸಿದರು. ಸಂಜೆಯ ವೇಳೆಗೆ ಪ್ರಶ್ನೆ ತಾನಾಗಿ ನಿಂತಿತು.

ಈ ಸ್ಥಿತಿಗೆ 1958ರಲ್ಲಿ ಫಿಷರ್ ಮತ್ತು ಆಡಮ್ಸ್ ಎಂಬ ವೈದ್ಯರು ‘ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯ’ ಎಂದು ಹೆಸರಿಟ್ಟರು. ತಾತ್ಕಾಲಿಕ ಸ್ಮೃತಿಲೋಪವೆಂದು ನಾವು ಕರೆಯಬಹುದು. 50 ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಾಣುವ ಇದು ಕೆಲವು ಗಂಟೆ ಇದ್ದು, 24 ಗಂಟೆಯೊಳಗೆ ಕಳೆಯುತ್ತದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ಹೊಸ ಅನುಭವಗಳನ್ನು ಕಡತಕ್ಕೇರಿಸುವ ಶಾನುಭೋಗನಿದ್ದಂತೆ. ಅವನು ಸ್ವಲ್ಪ ಹೊತ್ತು ಲೇಖನಿಯನ್ನು ಕೆಳಗಿಡುತ್ತಾನೆ. ಹಳೆಯ ಕಡತಗಳು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ.

ಹಾಗಾದರೆ ನೆನಪು ಮರಳುವುದೆ? ನೆನೆಯುವ ಶಕ್ತಿ ಮರಳುವುದು; ಆ ಕೆಲವು ಗಂಟೆಗಳು ಮರಳವು. ಕಾಳಿದಾಸನ ದುಷ್ಯಂತನಿಗೆ ಉಂಗುರವನ್ನು ಕಂಡೊಡನೆ ಶಕುಂತಲೆಯ ನೆನಪಾಯಿತಷ್ಟೆ. ಅವಳ ರೂಪ ಮನಸ್ಸಿನಲ್ಲಿ ಮೊದಲೇ ಅಚ್ಚೊತ್ತಿತ್ತು. ಬರೆಯದೆ ಬಿಟ್ಟ ಪುಟವನ್ನು ಯಾವ ಉಂಗುರವೂ ಓದಿಸಲಾರದು. ತಲೆಗೆ ಪೆಟ್ಟು ಬಿದ್ದವರಲ್ಲಿಯೂ ಸಾಮಾನ್ಯವಾಗಿ ಹಳೆಯ ಸಂಗತಿಗಳು ಮೊದಲು ಮರಳುತ್ತವೆ. ಪೆಟ್ಟಿಗೆ ತುಸು ಮುಂಚಿನ ಕ್ಷಣಗಳು ಅನೇಕ ವೇಳೆ ಮರಳುವುದೇ ಇಲ್ಲ.

ಆದರೂ ಹಠಾತ್ತಾಗಿ ಬಂದ ಮರೆವನ್ನು ಮನೆಯಲ್ಲಿಯೇ ತೀರ್ಮಾನಿಸಬಾರದು. ಮಾತು ತೊದಲಿದರೆ, ಕೈಕಾಲು ಸೋತರೆ, ಅದು ಪಾರ್ಶ್ವವಾಯುವಿರಬಹುದು. ಆಗ ಒಂದೊಂದು ನಿಮಿಷವೂ ಅಮೂಲ್ಯ. ಮೆಲ್ಲಮೆಲ್ಲನೆ ಬಂದ ಮರೆವಿಗೆ ಬಿ12 ಜೀವಸತ್ವದ ಅಥವಾ ಥೈರಾಯ್ಡ್ ರಸದ ಕೊರತೆ ಕಾರಣವಾಗಿದ್ದರೆ, ಚಿಕಿತ್ಸೆಯಿಂದ ಗುಣ ಕಾಣುವುದುಂಟು.

ಮರೆತವರನ್ನು ಗದರಿ ಫಲವಿಲ್ಲ. ಇಪ್ಪತ್ತನೆಯ ಪ್ರಶ್ನೆಯೂ ಅವರಿಗೆ ಮೊದಲನೆಯದೇ. ಆ ದಿನದ ನಮ್ಮ ಮಾತು ದೊಡ್ಡಪ್ಪನವರಿಗೆ ಇಂದಿಗೂ ನೆನಪಿಲ್ಲ; ನಮಗೆ ಇದೆ.